ಶಿಲುಬೆಗೆ ಲೂಕನು ಸೇರಿಸಿದ ಒಂದು ಮಾತು

ವೇದಿಕೆಯಲ್ಲಿರುವ ಹಿರಿಯರೇ, ಫಾದರ್, ಸಭಾಪಾಲಕರೇ, ಬಂಧುಗಳೇ, ಎಲ್ಲರಿಗೂ ನಮಸ್ಕಾರ. ಮುಕ್ಕಾಲು ಗಂಟೆ ಮಾತಾಡಿ ಎಂದಿದ್ದಾರೆ. ಹಿಂದಿನ ಬಾಗಿಲಿನಿಂದ ಈಗಲೇ ಚಹಾದ ಪರಿಮಳ ಬರುತ್ತಾ ಉಂಟು. ಹಾಗಾಗಿ ಪೀಠಿಕೆ ಬೇಡ.

ಬೈಬಲಿನ ಮೂರು ಸುವಾರ್ತೆಗಳಲ್ಲಿ ಯೇಸು ಒಂದೇ ಮಾತು ಹೇಳುತ್ತಾನೆ: ನನ್ನ ಹಿಂದೆ ಬರುವವನು ತನ್ನ ಶಿಲುಬೆ ಹೊತ್ತುಕೊಂಡು ಬರಲಿ. ಮತ್ತಾಯ 16ರಲ್ಲಿ ಉಂಟು, ಮಾರ್ಕ 8ರಲ್ಲಿ ಉಂಟು, ಲೂಕ 9ರಲ್ಲಿ ಉಂಟು. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಲೂಕನಲ್ಲಿ ಮಾತ್ರ ಒಂದು ಶಬ್ದ ಹೆಚ್ಚು: 'ದಿನಾಲೂ'. ಉಳಿದಿಬ್ಬರಲ್ಲಿ ಅದಿಲ್ಲ. ಇವತ್ತಿನ ನನ್ನ ಉಪನ್ಯಾಸ ಆ ಒಂದು ಶಬ್ದದ ಮೇಲೆ.

ಒಮ್ಮೆಗೇ ಹೊರುವುದಾದರೆ ಶಿಲುಬೆ ವೀರರ ಕೆಲಸ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಖಂಡಕಾವ್ಯವಾಗಿ ಬರೆದರು. ಅವರು ಕ್ರೈಸ್ತರಲ್ಲ, ನೆರೆಮನೆಯವರು. ಕೊನೆಯ ದಿನಕ್ಕೆ ಕಾವ್ಯ ಒದಗುತ್ತದೆ. 'ದಿನಾಲೂ' ಎಂಬುದಕ್ಕೆ ಯಾರು ಕಾವ್ಯ ಬರೆಯುತ್ತಾರೆ ಮಾರಾಯ್ರೆ? ಹಾಸಿಗೆ ಬಟ್ಟೆ ಒಗೆದದ್ದಕ್ಕೆ, ಕೂಲಿಯನ್ನು ಸಂಜೆಯೇ ಕೊಟ್ಟದ್ದಕ್ಕೆ?

ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಎತ್ತಿಕೊಂಡ ಒಳ್ಳೆಯ ಸಮಾರ್ಯದವನ ಕಥೆ ನಿಮಗೆಲ್ಲ ಬಾಯಿಪಾಠ. ಆದರೆ ಸಂಡೇ ಸ್ಕೂಲಿನ ನಾಟಕದಲ್ಲಿ ಅದು ಎಲ್ಲಿಗೆ ಮುಗಿಯುತ್ತದೆ? ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಕತ್ತೆಯ ಮೇಲೆ ಕೂರಿಸಿದಲ್ಲಿಗೆ. ಕತ್ತೆಯಾಗಿ ಬಗ್ಗಿದ ಹುಡುಗನಿಗೆ ಬೆನ್ನುನೋವು, ನಮಗೆ ಚಪ್ಪಾಳೆ, ಪರದೆ ಬಿತ್ತು. ಯೇಸು ಅಲ್ಲಿ ಮುಗಿಸಲಿಲ್ಲ. ಆ ದಾರಿಯನ್ನು ಸ್ವಲ್ಪ ನೋಡಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಪ್ಪತ್ತೇಳು ಕಿಲೋಮೀಟರಿನಷ್ಟು. ಹೆಚ್ಚುಕಡಿಮೆ ಇಲ್ಲಿಂದ ಕಾಸರಗೋಡಿನ ದೂರ. ಆದರೆ ಅಷ್ಟರಲ್ಲಿ ದಾರಿ ಸುಮಾರು ಒಂದು ಸಾವಿರ ಮೀಟರ್ ಇಳಿಯುತ್ತದೆ. ಬಂಡೆ, ತಿರುವು, ಕಳ್ಳರಿಗೆ ಅಡಗಲು ಬೇಕಾದಷ್ಟು ಜಾಗ. ಅಂಥ ಇಳಿಜಾರಿನಲ್ಲಿ ಅರೆಜೀವದ ಮನುಷ್ಯನನ್ನು ಕತ್ತೆಯ ಮೇಲೆ ಹಿಡಿದುಕೊಂಡು ನಡೆಯಬೇಕು, ತಾನು ಕಾಲ್ನಡಿಗೆ. ಛತ್ರ ಮುಟ್ಟಿದ ಮೇಲೆಯೂ ರಾತ್ರಿಯಿಡೀ ಆರೈಕೆ. ಆಮೇಲೆ ಲೂಕ ಬರೆಯುತ್ತಾನೆ: 'ಮರುದಿನ'. ಮರುದಿನ ಎರಡು ದಿನಾರಿ ಕೊಟ್ಟ. ಮತ್ತಾಯ 20ರ ದ್ರಾಕ್ಷಿತೋಟದ ಲೆಕ್ಕದಲ್ಲಿ ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಎರಡು ದಿನದ ಕೂಲಿ ಈಗ ನಮ್ಮೂರಲ್ಲಿ ಎಷ್ಟು ಎಂದು ತೋಟ ಇರುವವರು ಪಕ್ಕದವರಿಗೆ ಹೇಳಿ.

ಕೊಟ್ಟು ಏನು ಮಾಡಿದ? ಹೊರಟುಹೋದ! ಅವನಿಗೂ ಕೆಲಸ ಇತ್ತು. ಅವನು ವ್ಯಾಪಾರ ಬಿಟ್ಟು ಸನ್ಯಾಸಿಯಾಗಲಿಲ್ಲ. ನೋಡಿಕೊಳ್ಳಲು ಒಬ್ಬನನ್ನು ಗೊತ್ತು ಮಾಡಿದ, ಖರ್ಚು ಕೊಟ್ಟ, ಹೆಚ್ಚು ಬಿದ್ದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಶಿಷ್ಯತ್ವ ಇರುವುದು ಈ ಮರುದಿನದಲ್ಲಿ. ಮೊದಲನೇ ದಿನ ಯಾರಾದರೂ ಓಡಿ ಬರುತ್ತಾರೆ. ಅಪಘಾತ ಆದರೆ ಜಾತಿ, ಮತ ನೋಡದೆ ಜನ ಸೇರುವ ಊರು ನಮ್ಮದು. ಮರುದಿನ ಯಾರು?

ನಮ್ಮ ಈ ಕಾಸರಗೋಡು ಜಿಲ್ಲೆಯಲ್ಲಿ ಆ ಪ್ರಶ್ನೆ ಬರೇ ಕಥೆಯದ್ದಲ್ಲ. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಹೀಗೆ ಪಂಚಾಯತ್‌ಗಳ ಹೆಸರು ನಿಮಗೆ ನಾನು ಹೇಳಬೇಕಿಲ್ಲ. ಸಿಂಪಡಣೆ 2000ದಲ್ಲಿ ನಿಂತಿತು. ಸುಪ್ರೀಂ ಕೋರ್ಟು 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಕ್ಯಾಮೆರಾಗಳು ಬಂದವು, ಹೋದವು. ಆಗ ತೊಟ್ಟಿಲಲ್ಲಿದ್ದ, ಹಾಸಿಗೆ ಬಿಟ್ಟೇಳದ ಸಂತ್ರಸ್ತ ಮಕ್ಕಳು ಈಗ ಪ್ರಾಯದವರು. ಅವರ ತಾಯಂದಿರಿಗೆ ಅರುವತ್ತು ದಾಟಿದೆ. ಮಗನ ತೂಕ ಏರಿದೆ, ಎತ್ತುವ ತಾಯಿಯ ಸೊಂಟ ಸೋತಿದೆ. ಅವರ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ದಿನಾಲೂ 'ಮರುದಿನ'ವೇ.

ಅಂಥ ಮನೆಗೆ ಹೋಗುವವರು ಏನು ಮಾಡಬೇಕು? ಮನೆಗೇ ಬಂದು ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಬರುತ್ತಾರೆ, ಒಳ್ಳೆಯ ವ್ಯವಸ್ಥೆ. ಆದರೆ ಅವರು ಬಂದು ಹೋದ ಮೇಲೆ ಉಳಿದ ದಿನಗಳೂ ಉಂಟಲ್ಲ. ಹಾಸಿಗೆ ಹಿಡಿದವರಿಗೆ ಮೊದಲ ಶತ್ರು ಹಾಸಿಗೆ ಹುಣ್ಣು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸಾಯುತ್ತದೆ. ಟೊಂಕ, ಸೊಂಟದ ಎರಡು ಬದಿ, ಹಿಮ್ಮಡಿ ಇವೇ ಜಾಗಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಬ್ಬರು ಬೇಕು. ಅಡಿಯಲ್ಲಿ ಮಡಚಿದ ಒಂದು ಬೆಡ್‌ಶೀಟ್ ಇಟ್ಟು ಅದನ್ನು ಹಿಡಿದು ಎತ್ತಬೇಕು, ಎಳೆಯಬಾರದು. ಎಳೆದರೆ ಚರ್ಮ ಒಳಗಿಂದಲೇ ಹರಿಯುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸುವುದಲ್ಲ, ಸ್ವಲ್ಪವೇ ಓರೆಯಾಗಿಸಿ ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಮೀನಖಂಡದ ಅಡಿಗೆ ಒಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು. ಬಟ್ಟೆಯ ಸುಕ್ಕು ಬಿಡಿಸಿ. ಎಲ್ಲಿಯಾದರೂ ಚರ್ಮ ಕೆಂಪಾಗಿದೆಯೇ? ಬೆರಳಿನಿಂದ ಒತ್ತಿ ನೋಡಿ. ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದು ಲೆಕ್ಕ. ನಾವು ಪ್ರೀತಿಯಿಂದ ಎಣ್ಣೆ ಹಾಕಿ ತಿಕ್ಕುತ್ತೇವೆ, ಅದೇ ತಪ್ಪು. ತಿಕ್ಕಬೇಡಿ, ಆ ಬದಿಗೆ ಭಾರ ಬೀಳದ ಹಾಗೆ ಮಾಡಿ, ನರ್ಸಿಗೆ ಫೋನ್ ಮಾಡಿ. ಗಾಳಿ ತುಂಬುವ ಹಾಸಿಗೆ ತಂದ ಕೂಡಲೇ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಅದನ್ನು ದಾನ ಕೊಟ್ಟು ಫೋಟೋ ತೆಗೆಸಿಕೊಂಡವರು ಈ ಮಾತು ದಯಮಾಡಿ ಮನೆಯವರಿಗೂ ಹೇಳಿ ಬನ್ನಿ.

ಗಂಜಿ ಕುಡಿಸುವಾಗ ತಲೆ, ಬೆನ್ನು ಎತ್ತರಿಸಿ, ಗದ್ದ ಸ್ವಲ್ಪ ಕೆಳಗೆ, ಚಮಚ ಸಣ್ಣದು. ಮಲಗಿದಲ್ಲೇ ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಮ್ಮಿದರೆ ನಿಲ್ಲಿಸಿ. ಉಂಡ ಮೇಲೆ ಅರ್ಧ ಗಂಟೆ ಹಾಗೇ ಕೂರಿಸಿ.

ಇನ್ನು ಬಾಯಿಯ ವಿಷಯ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಮೂವರು ಸ್ನೇಹಿತರು ಏಳು ಹಗಲು, ಏಳು ರಾತ್ರಿ ಅವನ ಹತ್ತಿರ ನೆಲದಲ್ಲಿ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಬಾಯಿ ತೆರೆದರು ನೋಡಿ! ಹಾಗಾಗಿ 'ದೇವರು ಪರೀಕ್ಷೆ ಮಾಡುತ್ತಿದ್ದಾನೆ' ಎನ್ನಬೇಡಿ. 'ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು, ತೀರಿಹೋದರು' ಎಂದಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರ ಮನೆಗೆ ಹಾರ್ಲಿಕ್ಸ್ ಬೇಡ. ಪ್ರಾರ್ಥನೆ ಎರಡು ನಿಮಿಷ ಸಾಕು. ಆ ತಾಯಿಗೆ 'ನೀವು ಹೋಗಿ ಎರಡು ಗಂಟೆ ಮಲಗಿ ಬನ್ನಿ ಅಕ್ಕ, ನಾವಿದ್ದೇವೆ' ಎಂದರೆ ಅದು ಮೂರನೆಯ ನಿಮಿಷದ ಪ್ರಾರ್ಥನೆ.

ಸರಿ, ತೋಟಕ್ಕೆ ಬರೋಣ. ಮಳೆ ಹತ್ತಿರ ಬಂತು, ಎಲ್ಲರೂ ಅಡಿಕೆಗೆ ಕೊಳೆರೋಗ ತಡೆಯುವ ಮದ್ದು ಬಿಡಿಸುವ ಗಡಿಬಿಡಿಯಲ್ಲಿದ್ದೀರಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಹದ ನೋಡಲು ಕತ್ತಿಯ ಅಲಗು ಅದ್ದುತ್ತೀರಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು, ಇಟ್ಟರೆ ಅದರ ಗುಣ ಹೋಯಿತು. ಮೋಶೆಯ ಕಾಲದಲ್ಲಿ ಮರುಭೂಮಿಯಲ್ಲಿ ದಿನಾ ಬೆಳಿಗ್ಗೆ ಸಿಗುತ್ತಿದ್ದ ಆಹಾರ, ಆ ಮನ್ನವೂ ಹಾಗೇ ಅಲ್ಲವೇ? ಮರುದಿನಕ್ಕೆ ಇಟ್ಟದ್ದರಲ್ಲಿ ಹುಳ. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಆ ರಿಯಾಯಿತಿಯನ್ನು ವಾರಪೂರ್ತಿ ಎಳೆಯುವವರು ನಾವು: ಭಾನುವಾರದ ಆರಾಧನೆಯಲ್ಲೇ ಶನಿವಾರದ ತನಕ ಬದುಕುವ ಪ್ರಯತ್ನ.

ಮದ್ದು ಬಿಡುವವನು ಬೆಳಿಗ್ಗೆ ಎಂಟಕ್ಕೆ ಬಂದ, ಹತ್ತಕ್ಕೆ ಮಳೆ ಹೊಡೆಯಿತು. ಅವನ ದಿನ ಹೋಯಿತು, ಬೇರೆ ತೋಟಕ್ಕೆ ಹೋಗಲಾರ. ಎಷ್ಟು ಕೊಡುತ್ತೀರಿ? ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ದಿನಾರಿ ಕೊಟ್ಟ. ಅಷ್ಟು ಆಗದಿದ್ದರೆ, ಮಳೆ ಬಂದ ದಿನಕ್ಕೆ ಇಷ್ಟು ಎಂದು ಮರ ಹತ್ತುವ ಮೊದಲೇ ಮಾತಾಡಿ. ಕೊಡುವುದನ್ನು ಸೂರ್ಯ ಮುಳುಗುವ ಮುಂಚೆ ಕೊಡಿ ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ಕಾರಣವನ್ನೂ ಅಲ್ಲೇ ಹೇಳಿದೆ: ಅವನು ಬಡವ, ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ. 'ಅಡಿಕೆ ಮಾರಿದ ಮೇಲೆ ನೋಡುವ' ಎಂಬ ವಚನ ಬೈಬಲಿನಲ್ಲಿ ಇಲ್ಲ.

ಸಮಯ ಆಯಿತು ಎಂದು ಚೀಟಿ ಬಂತು. ಅಂಗಡಿಯ ತಕ್ಕಡಿ, ಒಣಗಿಸಿದ ಚಾಲಿ ಅಡಿಕೆಯ ಮೂಟೆಯ ಅಡಿಗೆ ಸೇರುವ ಕಳಪೆ ಕರಿಗೋಟು, ಇವೆಲ್ಲ ಹೇಳುವುದಿತ್ತು. ಲೂಕ 19ರ ಸುಂಕದವ ಜಕ್ಕಾಯನನ್ನು ಮನೆಯಲ್ಲಿ ಓದಿಕೊಳ್ಳಿ: ಸುಲಿದದ್ದಕ್ಕೆ ಅಸಲು ಮತ್ತು ಐದನೇ ಒಂದು ಭಾಗ ಎಂದು ಯಾಜಕಕಾಂಡ ಹೇಳಿದರೆ ಅವನು ನಾಲ್ಕರಷ್ಟು ಕೊಡುತ್ತೇನೆ ಎಂದ. ಗಡಿಯಾಚೆ, ಈಚೆ ಮಕ್ಕಳ ಶಾಲೆ, ಭಾಷೆಯ ವಿಷಯವೂ ಬರೆದುಕೊಂಡಿದ್ದೆ, ಅದು ಇನ್ನೊಮ್ಮೆ.

ಚಹಾ ಕುಡಿಯಲು ಹೋಗುವ ಮೊದಲು ಬಾಗಿಲ ಬಳಿಯ ಬೆಂಚು ನೋಡಿ. ಅಲ್ಲಿ ಒಂದು ಹಾಳೆ ಇಟ್ಟಿದ್ದಾರೆ. ಎಡಗಡೆ ವಾರದ ಏಳು ದಿನ, ಬಲಗಡೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಮನೆಯಲ್ಲಿ ಕೂರುವ ಇಬ್ಬಿಬ್ಬರ ಹೆಸರಿಗೆ ಜಾಗ. ಭಾನುವಾರ ಆಗಲೇ ತುಂಬಿದೆಯಂತೆ. ಸೋಮವಾರ ಖಾಲಿ ಉಂಟು. ಪೆನ್ನು ದಾರದಲ್ಲಿ ಕಟ್ಟಿಟ್ಟಿದ್ದಾರೆ, ಬರೆದವರು ಕಿಸೆಗೆ ಹಾಕಿಕೊಂಡು ಹೋಗಬೇಡಿ.