ಎರಡನೆಯ ಪೆಟ್ಟಿಗೆ ಎಲ್ಲಿರಬೇಕು? ತಂತಿ ಎಳೆಯದೆ ಮನೆಯಿಡೀ ವೈಫೈ

[ದೃಶ್ಯ: ಹಂಚಿನ ಮನೆಯ ಜಗಲಿ. ಗೋಡೆಗೆ ತಗುಲಿಸಿದ ರೂಟರ್, ಹೊರಗೆ ಮಳೆ.]

ನಮಸ್ಕಾರ. ಕೊಡಗಿನ ಹಲವು ಮನೆಗಳಲ್ಲಿ ಫೈಬರ್ ತಂತಿಯು ಕಂಬದಿಂದ ಇಳಿದು ಜಗಲಿಯ ಗೋಡೆಗೇ ಬಂದು ನಿಲ್ಲುತ್ತದೆ, ರೂಟರ್ ಕೂಡ ಅಲ್ಲಿಯೇ ಉಳಿದುಬಿಡುತ್ತದೆ. ಮಕ್ಕಳು ಓದುವ ಕೋಣೆ, ಅಡುಗೆಮನೆ, ಹೋಂಸ್ಟೇ ಅತಿಥಿಗಳ ಕೋಣೆಗಳು ಮಾತ್ರ ಹಿಂಬದಿಯಲ್ಲಿರುತ್ತವೆ. ಹೊಸ ತಂತಿ ಎಳೆಸೋಣವೆಂದರೆ ಅಜ್ಜಂದಿರ ಕಾಲದ ದಪ್ಪ ಮಣ್ಣಿನ ಗೋಡೆಯನ್ನು ಕೊರೆಯಲು ಮನಸ್ಸು ಬರುವುದಿಲ್ಲ, ಅಟ್ಟದ ಮೇಲೆ ಹಾಯಿಸಿದರೆ ಇಲಿ ಬಿಡುವುದಿಲ್ಲ. ಆದ್ದರಿಂದ ತಂತಿಯಿಲ್ಲದೆಯೇ ವೈಫೈಯನ್ನು ಒಳಕೋಣೆಗಳಿಗೆ ತಲುಪಿಸುವುದು ಹೇಗೆಂದು ಇಂದು ನೋಡೋಣ.

ಮೊದಲು ತಡೆಯುವುದೇನು ಎಂಬುದನ್ನು ತಿಳಿಯಬೇಕು. ನಮ್ಮ ರೂಟರ್‌ಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ, ಎಂದರೆ ರೇಡಿಯೋ ಅಲೆಗಳ ಎರಡು ಪಟ್ಟಿಗಳಲ್ಲಿ, ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಎರಡನೆಯದು ವೇಗವಾದದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಗೋಡೆಗಿಂತಲೂ ದೊಡ್ಡ ಶತ್ರು ಲೋಹ. ಕಬ್ಬಿಣದ ಬೀರು, ಫ್ರಿಜ್, ತಗಡಿನ ಶೀಟು ಇವೆಲ್ಲ ಸಿಗ್ನಲ್ಲನ್ನು ತಿರುಗಿಸಿ ಕಳುಹಿಸುತ್ತವೆ. ಕಿಟಕಿಗೆ ಹಾಕಿಸಿದ ಸೊಳ್ಳೆ ಜಾಲರಿಯನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಜಾಲರಿಯ ಕಣ್ಣು ಒಂದೆರಡು ಮಿಲಿಮೀಟರ್. ಜಾಲರಿ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ಆಗಿದ್ದರೆ ತೆರೆದ ಕಿಟಕಿಯೂ ಆ ಅಲೆಗೆ ಗೋಡೆಯೇ ಸರಿ. ನೈಲಾನ್ ಜಾಲರಿಗೆ ಈ ದೋಷವಿಲ್ಲ.

[ದೃಶ್ಯ: ಮೊಬೈಲ್ ಪರದೆ, ಹತ್ತಿರದಿಂದ. ಒಂದು ಋಣ ಸಂಖ್ಯೆ ಬದಲಾಗುತ್ತಿದೆ.]

ಈಗ ಮನೆಯಲ್ಲಿ ಒಂದು ಸುತ್ತು ನಡೆಯಿರಿ. ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿಗೆ ಸಿಗುತ್ತವೆ. ಅವು ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಸಂಖ್ಯೆಯನ್ನು ತೋರಿಸುತ್ತವೆ. ಮೈನಸ್ 50ರ ಆಸುಪಾಸು ಸೊಗಸಾದ ಸಿಗ್ನಲ್, ಮೈನಸ್ 65ರವರೆಗೆ ವಿಡಿಯೋ ಕರೆಗೂ ತೊಂದರೆಯಿಲ್ಲ, ಮೈನಸ್ 80 ದಾಟಿತೆಂದರೆ ಸಂಪರ್ಕವಿದ್ದೂ ಇಲ್ಲದಂತೆ. ಮೈನಸ್ 50ರಿಂದ ಮೈನಸ್ 53ಕ್ಕೆ ಎಂಬಂತೆ ಪ್ರತಿ ಮೂರು ಡಿಬಿಎಂ ಇಳಿದಾಗಲೂ ಸಿಗ್ನಲ್‌ನ ಶಕ್ತಿ ಅರ್ಧವಾಗುತ್ತದೆ ಎಂಬುದು ನೆನಪಿರಲಿ.

ನಾಪೋಕ್ಲು ಬಳಿಯ ನಮ್ಮ ಬಂಧುಗಳ ಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಮೈನಸ್ 82 ಇತ್ತು. ಸಿಗ್ನಲ್ ಇಲ್ಲದಿರುವುದು ಅಲ್ಲಿಯೇ ಅಲ್ಲವೇ ಎಂದು ನಾನು ಎಕ್ಸ್‌ಟೆಂಡರನ್ನು, ಎಂದರೆ ರೂಟರಿನ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಕಳುಹಿಸುವ ಎರಡನೆಯ ಪೆಟ್ಟಿಗೆಯನ್ನು, ಅದೇ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿದವು, ಎಲ್ಲರೂ ಸಂತೋಷಪಟ್ಟರು. ಆದರೆ ಆನ್‌ಲೈನ್ ತರಗತಿ ಮೊದಲಿನಂತೆಯೇ ನಿಂತು ನಿಂತು ಹೋಗುತ್ತಿತ್ತು. ತಪ್ಪು ನನ್ನದೇ. ಆ ಕಡ್ಡಿಗಳು ತೋರಿಸುವುದು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ನಂಟನ್ನು ಮಾತ್ರ. ಎಕ್ಸ್‌ಟೆಂಡರಿಗೆ ರೂಟರಿನಿಂದ ಬರುತ್ತಿದ್ದುದು ಅದೇ ಸೊರಗಿದ ಸಿಗ್ನಲ್. ಬಾವಿಯಲ್ಲಿ ನೀರಿಲ್ಲದಿದ್ದರೆ ಪಂಪು ಎಷ್ಟು ದೊಡ್ಡದಾದರೇನು? ಪೆಟ್ಟಿಗೆಯನ್ನು ನಡುಮನೆಗೆ, ಮೈನಸ್ 62 ಇದ್ದ ಜಾಗಕ್ಕೆ ತಂದು, ಬೀರುವಿನ ಮರೆಯಿಂದ ತಪ್ಪಿಸಿ ಎದೆಯೆತ್ತರದಲ್ಲಿಟ್ಟಾಗ ತರಗತಿ ತಡೆಯಿಲ್ಲದೆ ನಡೆಯಿತು. ಸಿಗ್ನಲ್ ಸತ್ತ ಜಾಗದಲ್ಲಿ ಅಲ್ಲ, ಅದು ಇನ್ನೂ ಗಟ್ಟಿಯಾಗಿರುವ ಕೊನೆಯ ಜಾಗದಲ್ಲಿ ಎರಡನೆಯ ಪೆಟ್ಟಿಗೆ ಇರಬೇಕು. ಈ ವಿಡಿಯೋದಲ್ಲಿ ಇದೊಂದನ್ನು ನೀವು ಉಳಿಸಿಕೊಂಡರೂ ನನಗೆ ಸಮಾಧಾನ.

ಯಾವ ಪೆಟ್ಟಿಗೆ ಕೊಳ್ಳಬೇಕು? ಒಂದೇ ಬ್ಯಾಂಡಿನ ಅಗ್ಗದ ಎಕ್ಸ್‌ಟೆಂಡರ್ ಕೇಳಿಸಿಕೊಂಡ ಮಾತನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡು ಬ್ಯಾಂಡಿನದಾದರೆ ಒಂದರಲ್ಲಿ ರೂಟರಿನಿಂದ ಪಡೆದು ಇನ್ನೊಂದರಲ್ಲಿ ಫೋನಿಗೆ ಕೊಡಬಲ್ಲದು. ಮೂರು ನಾಲ್ಕು ಕೋಣೆಗಳಿಗೆ ಬೇಕೆಂದರೆ ಹಲವು ಪೆಟ್ಟಿಗೆಗಳು ಒಂದೇ ಜಾಲವಾಗಿ ಕೆಲಸ ಮಾಡುವ ಮೆಶ್ ವ್ಯವಸ್ಥೆಯೇ ಉತ್ತಮವೆಂದು ನನ್ನ ಅಭಿಪ್ರಾಯ. ಬೆಲೆ ಹೆಚ್ಚಾದರೂ ಮನೆಯಿಡೀ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುತ್ತದೆ, ನಡೆದಾಡುವಾಗ ಫೋನು ಹತ್ತಿರದ ಪೆಟ್ಟಿಗೆಗೆ ತಾನಾಗಿ ಹೊರಳುವುದಕ್ಕೆ ಅನುಕೂಲವಾಗುತ್ತದೆ. ಇರುವ ವಿದ್ಯುತ್ ವೈರಿಂಗಿನ ಮೂಲಕವೇ ಡೇಟಾ ಕಳುಹಿಸುವ ಪವರ್‌ಲೈನ್ ಅಡಾಪ್ಟರುಗಳೂ ಇವೆ. ಹಳೆಯ ವೈರಿಂಗಿನಲ್ಲಿ, ಸ್ಪೈಕ್ ಗಾರ್ಡ್ ಅಥವಾ ಇನ್ವರ್ಟರ್ ನಡುವೆ ಬಂದಲ್ಲಿ ಅವನ್ನು ನಂಬಲಾಗದು.

[ದೃಶ್ಯ: ಮನೆಯಿಂದ ತೋಟದಾಚೆಯ ಲೈನ್‌ಮನೆಯತ್ತ ನೋಟ. ನಡುವೆ ಸಿಲ್ವರ್ ಮರಗಳು.]

ತೋಟದ ಕಾರ್ಮಿಕರ ಲೈನ್‌ಮನೆಗೋ ಕಾಫಿ ಕಣದ ಬಳಿಯ ಗೋದಾಮಿಗೋ ಸಂಪರ್ಕ ಬೇಕಾದಾಗ ಮೆಶ್ ಸಾಲದು. ಅಲ್ಲಿಗೆ ಒಂದನ್ನೊಂದು ನೇರವಾಗಿ ನೋಡುವ, ಇಂಟರ್ನೆಟ್ ಸಂಪರ್ಕವನ್ನು ದೂರಕ್ಕೆ ದಾಟಿಸುವ ಎರಡು ಹೊರಾಂಗಣ ರೇಡಿಯೋಗಳು ಬೇಕು. ಅವು ಬಳಸುವ 5.8 ಗಿಗಾಹರ್ಟ್ಸ್ ಬ್ಯಾಂಡಿಗೆ, ನಿಗದಿತ ಶಕ್ತಿಯ ಮಿತಿಯೊಳಗಿದ್ದರೆ, ಭಾರತದಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕಾಗಿಲ್ಲ. 2018ರ ಅಧಿಸೂಚನೆಯು ಇದಕ್ಕೆ ಅವಕಾಶ ಕೊಟ್ಟಿದೆ. ಕಣ್ಣಿಗೆ ಕಂಡರೆ ಸಾಕೆಂದುಕೊಳ್ಳಬೇಡಿ. 150 ಮೀಟರ್ ದೂರಕ್ಕೆ, ನಡುದಾರಿಯಲ್ಲಿ ಆ ನೋಟದ ಗೆರೆಯ ಸುತ್ತ ಸುಮಾರು 1.4 ಮೀಟರ್ ಜಾಗ ತೆರವಾಗಿದ್ದರೆ ಒಳ್ಳೆಯದು. ನಮ್ಮಲ್ಲಿ ತೊಡಕಾಗುವುದು ಇಲ್ಲಿಯೇ. ಮಳೆಗಾಲಕ್ಕೆ ಮುಂಚೆ ಮರಕಪಾತು, ಎಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿದಾಗ ಜೋಡಿಸಿದ ಸಂಪರ್ಕ ಚೆನ್ನಾಗಿಯೇ ಇರುತ್ತದೆ. ಹೊಸ ಚಿಗುರು ಬಂದು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಸೊಂಪಾಗಿ, ಆ ಎಲೆಗಳೆಲ್ಲ ನೆನೆದು ನಿಂತಾಗ ಅದು ಕುಸಿಯುತ್ತದೆ. ಇಷ್ಟು ಹತ್ತಿರದಲ್ಲಿ ಮಳೆಹನಿಯ ತಡೆ ಲೆಕ್ಕಕ್ಕಿಲ್ಲ, ತಡೆಯುವುದು ಒದ್ದೆಯಾದ ಎಲೆ. ಆದ್ದರಿಂದ ರೇಡಿಯೋ ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ಬೇಸಿಗೆಯ ಬೋಳು ಮರ ನೋಡಿ ನಿರ್ಧರಿಸದೆ, ಆಟಿ ತಿಂಗಳ ಮಳೆಯಲ್ಲಿ ಆ ತೋಟ ಹೇಗಿರುತ್ತದೆಂದು ನೆನೆದು ನಿರ್ಧರಿಸಿ.

ಕರೆಂಟು ಹೋದಾಗ ರೂಟರ್ ಮಾತ್ರ ಇನ್ವರ್ಟರಿನಲ್ಲಿದ್ದು ಎರಡನೆಯ ಪೆಟ್ಟಿಗೆ ಆರಿದರೆ ಒಳಕೋಣೆಗೆ ಮತ್ತೆ ವೈಫೈ ಇರುವುದಿಲ್ಲ. ಎರಡಕ್ಕೂ ಇನ್ವರ್ಟರ್ ಪಾಯಿಂಟಿನಿಂದಲೇ ವಿದ್ಯುತ್ ಕೊಡಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ಹೊರಾಂಗಣ ರೇಡಿಯೋದ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು, ಅದರಿಂದ ರೂಟರಿಗೆ ಹೋಗುವ ಗಿಡ್ಡ ತಂತಿಯನ್ನೂ ಬಿಡಿಸಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು.