ಚುಕ್ಕೆಗಳು ಮಾಯವಾದ ದಿನ

(ಮುಂಬಯಿಯ ಮಾಟುಂಗದಲ್ಲಿ ಕಡಲ ಮೀನು ಸಾಕುವ ಕನ್ನಡಿಗ ಹವ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೇ, ಮಿತ್ರರೇ,

ಹೋದ ತಿಂಗಳು ನಮ್ಮಲ್ಲಿ ಇಬ್ಬರ ಟ್ಯಾಂಕುಗಳು ಮೀನುಗಳೆಲ್ಲ ಸತ್ತು ಒಂದೇ ವಾರದಲ್ಲಿ ಬರಿದಾದವು. ಇಬ್ಬರೂ ನೀರಿನ ಪರೀಕ್ಷೆಯಲ್ಲಿ, ಹವಳದ ಆರೈಕೆಯಲ್ಲಿ ನುರಿತವರು. ಫೋನಿನಲ್ಲಿ ಇಬ್ಬರೂ ನನಗೆ ಹೇಳಿದ ಮಾತು ಒಂದೇ: “ಅಂಗಡಿಯಲ್ಲಿ ಮೀನು ಚೆನ್ನಾಗಿಯೇ ಇತ್ತು, ಆಹಾರವನ್ನೂ ತಿನ್ನುತ್ತಿತ್ತು.” ಲವಣಾಂಶ, ದೀಪ, ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು, ಅವನ್ನು ಬಿಟ್ಟು ಇಂದು, ಹೊಸ ಮೀನನ್ನು ನೇರವಾಗಿ ಟ್ಯಾಂಕಿಗೆ ಬಿಡಿಸುವ ಈ ಒಂದು ಮಾತಿನ ಬಗ್ಗೆಯೇ ಮಾತನಾಡಬೇಕೆಂದು ನಿಂತಿದ್ದೇನೆ.

ಹನ್ನೊಂದು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಹೇಳಿದ್ದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಆಗ ನಾಲ್ಕು ವರ್ಷ ಹಳೆಯದಾದ, ನಾಲ್ಕು ನೂರು ಲೀಟರಿನ ಟ್ಯಾಂಕ್ ಇತ್ತು. ಅದರಲ್ಲಿ ಎಂಟು ಮೀನುಗಳು, ಹವಳಗಳು, ಎರಡು ಸಿಗಡಿಗಳು. ಗಣೇಶ ಚತುರ್ಥಿಗೆ ಎರಡು ದಿನವಿದ್ದಾಗ ನಗರದ ಒಂದು ಅಂಗಡಿಯಿಂದ ನೀಲಿ ಟ್ಯಾಂಗ್ ಮೀನೊಂದನ್ನು ಕೊಂಡು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚೀಲವನ್ನು ಎದೆಗವಚಿಕೊಂಡು ಮನೆಗೆ ತಂದೆ. ನಮ್ಮ ಅಮ್ಮ ಕುಂದಾಪುರದ ಕಡೆಯವರು. ನಾನು ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಡುವುದನ್ನು ಕಂಡು, “ಸಂತೆಯಿಂದ ತಂದ ದನವನ್ನು ನಿನ್ನ ಅಜ್ಜ ಅದೇ ದಿನ ಹಟ್ಟಿಗೆ ಕಟ್ಟುತ್ತಿರಲಿಲ್ಲ ಮಗಾ, ತಿಂಗಳು ಕಾಲ ತೋಟದ ಆಚೆ ಕಟ್ಟಿ, ಹುಲ್ಲು ನೀರನ್ನೂ ಬೇರೆಯಾಗಿಯೇ ಕೊಡುತ್ತಿದ್ದರು,” ಎಂದರು. ದನಕ್ಕೆ ಕಾಲುಬಾಯಿ ಜ್ವರ ಬರುತ್ತದೆ, ಮೀನಿಗೆ ಬರುವುದಿಲ್ಲ ಎಂದು ನಾನು ಉತ್ತರಿಸಿದೆ.

ಮೂರನೆಯ ದಿನ ಟ್ಯಾಂಗ್ ಆಹಾರ ತಿಂದಿತು. ಐದನೆಯ ದಿನ ಅದರ ರೆಕ್ಕೆಯ ಮೇಲೆ ಉಪ್ಪಿನ ಕಣದಂಥ ನಾಲ್ಕೈದು ಬಿಳಿ ಚುಕ್ಕೆಗಳು ಕಂಡವು. ಏಳನೆಯ ದಿನ ಅವು ಮಾಯವಾದವು! ಆಹಾರಕ್ಕೆ ಬೆಳ್ಳುಳ್ಳಿ ರಸ ಸೇರಿಸಿ ಕೊಟ್ಟಿದ್ದೆ. ಅದರಿಂದಲೇ ಗುಣವಾಯಿತೆಂದು ನಂಬಿ, ಪರಿಚಯದವರಿಗೆಲ್ಲ ಆ ಔಷಧವನ್ನು ಹೇಳಿಯೂ ಬಿಟ್ಟೆ. ಆದರೆ ಎರಡನೆಯ ವಾರ ಮುಗಿಯುವಷ್ಟರಲ್ಲಿ ಒಂಬತ್ತು ಮೀನುಗಳ ಮೈಮೇಲೂ ರವೆ ಚೆಲ್ಲಿದಂತಾಗಿತ್ತು. ಇಪ್ಪತ್ತನೆಯ ದಿನಕ್ಕೆ ಉಳಿದದ್ದು ಎರಡು ಕ್ಲೌನ್ ಮೀನುಗಳು ಮಾತ್ರ.

ಚುಕ್ಕೆಗಳು ಮಾಯವಾದ ಆ ಏಳನೆಯ ದಿನದಂದು ನಡೆದದ್ದೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆ ಚುಕ್ಕೆಗಳಿಗೆ ಕಾರಣವಾದ ಪರಾವಲಂಬಿ ಜೀವಿಯ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್, ನಮ್ಮ ಬಾಯಲ್ಲಿ ‘ಇಕ್’. ಮೀನಿನ ಹೊರಚರ್ಮದ ಪದರದೊಳಗೆ ಸೇರಿಕೊಂಡು ಮೂರರಿಂದ ಏಳು ದಿನ ಅಲ್ಲಿಯೇ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗಿಳಿದು, ಕಲ್ಲಿಗೋ ಮರಳಿಗೋ ಅಂಟಿಕೊಂಡು ತನ್ನ ಸುತ್ತ ಗಟ್ಟಿಯಾದ ಕೋಶವನ್ನು ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ನೂರಾರಾಗಿ ಒಡೆದು, ಸಾಮಾನ್ಯವಾಗಿ ಮೂರು ದಿನದಿಂದ ನಾಲ್ಕು ವಾರಗಳೊಳಗೆ ಹೊರಬಂದು ಹೊಸ ಮೀನನ್ನು ಹುಡುಕುತ್ತದೆ. ಕೋಶದಿಂದ ಹೊರಬರಲು 72 ದಿನ ಹಿಡಿದದ್ದೂ ದಾಖಲಾಗಿದೆ. ಅಂದರೆ ಚುಕ್ಕೆ ಮಾಯವಾದ ದಿನ ಮೀನು ಗುಣವಾಗಿರಲಿಲ್ಲ. ರೋಗವು ಮೀನಿನಿಂದ ನನ್ನ ಟ್ಯಾಂಕಿನ ಕಲ್ಲಿಗೆ ಇಳಿದಿತ್ತು. ಇನ್ನೊಂದು ಸಂಗತಿಯೂ ಇದೆ: ಅದು ಕಿವಿರಿನಲ್ಲಷ್ಟೇ ಇದ್ದರೆ ಹೊರಗೆ ಒಂದು ಚುಕ್ಕೆಯೂ ಕಾಣುವುದಿಲ್ಲ.

ಹಾಗಾಗಿ ನಾನು ಹೋದಲ್ಲೆಲ್ಲ ಹೇಳುವುದು ಇಷ್ಟೇ: ಮೀನನ್ನು ನೋಡಿ ತೀರ್ಮಾನಿಸಬೇಡಿ, ಆರು ವಾರ ಬೇರೆಯಾಗಿಟ್ಟು ದಿನ ಎಣಿಸಿ.

‘ಅಂಗಡಿಯಲ್ಲಿ ಚೆನ್ನಾಗಿತ್ತು’ ಎಂಬುದಕ್ಕೂ ಕಾರಣವಿದೆ. ಎಷ್ಟೋ ಅಂಗಡಿಗಳಲ್ಲಿ ಹತ್ತಾರು ಗಾಜಿನ ಟ್ಯಾಂಕುಗಳಿಗೆ ಹರಿಯುವುದು ಒಂದೇ ನೀರು, ಒಂದೇ ಫಿಲ್ಟರ್. ಕೆಲವರು ಆ ನೀರಿನಲ್ಲಿ ಸ್ವಲ್ಪ ತಾಮ್ರದ ಔಷಧವನ್ನು ಯಾವಾಗಲೂ ಇಟ್ಟಿರುತ್ತಾರೆ. ಅದು ರೋಗವನ್ನು ಅದುಮಿಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮೀನು ನಿಮ್ಮ ಮನೆಯ ತಾಮ್ರವಿಲ್ಲದ ನೀರಿಗೆ ಬಂದ ಮೇಲೆಯೇ ರೋಗ ತಲೆಯೆತ್ತುತ್ತದೆ. ಕಡಲ ಅಕ್ವೇರಿಯಂ ಮೀನುಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಲ್ಲಿ ಹಿಡಿದು ತಂದವು. ಹಿಡಿದವರು, ಕೂಡಿಟ್ಟವರು, ಸಾಗಿಸಿದವರು, ಮಾರಿದವರು ಹೀಗೆ ಹಲವರ ನೀರನ್ನು ಅವು ದಾಟಿ ಬಂದಿರುತ್ತವೆ.

ಕ್ವಾರಂಟೈನ್ ಎಂಬ ಮಾತು ವೆನಿಸ್ಸಿನವರ ನಲವತ್ತು ದಿನಗಳ ಲೆಕ್ಕದಿಂದ ಬಂದದ್ದು. ಅದಕ್ಕೂ ಮುಂಚೆ, 1377ರಲ್ಲಿ, ಇಂದಿನ ಡುಬ್ರೊವ್ನಿಕ್ ಪಟ್ಟಣದಲ್ಲಿ ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿಡುವ ಕಾನೂನಿತ್ತು. ನಮ್ಮ ಈ ಮುಂಬಯಿ 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಇದನ್ನೇ ಬಹು ಕಷ್ಟದಿಂದ ಕಲಿತ ಊರು. ಆ ವೆನಿಸ್, ಡುಬ್ರೊವ್ನಿಕ್ ಜನರು ಬ್ಯಾಕ್ಟೀರಿಯವನ್ನು ಅರಿಯದೆಯೇ ದಿನಗಳನ್ನು ಗೊತ್ತುಮಾಡಿಕೊಂಡಿದ್ದರು. ನಮಗೆ ಪರಾವಲಂಬಿಯ ಬದುಕಿನ ಪ್ರತಿಯೊಂದು ಹಂತವೂ ಗೊತ್ತಿದೆ. ಆದರೂ ಒಂದು ವಾರ ಕಾಯಲು ನಮಗೆ ಮನಸ್ಸು ಬರುವುದಿಲ್ಲ.

ಎಲ್ಲರೂ ಹೇಳುವ ಅಡ್ಡಿ ಜಾಗದ್ದು. ಒಂದೂವರೆ ಕೋಣೆಯ ಮನೆಯಲ್ಲಿ ಎರಡನೆಯ ಟ್ಯಾಂಕ್ ಎಲ್ಲಿಡುವುದು? ಅದು ಟ್ಯಾಂಕ್ ಆಗಿರಬೇಕಿಲ್ಲ. ಸಣ್ಣ ಮೀನುಗಳಿಗೆ ಅರುವತ್ತು ಲೀಟರಿನ ಪ್ಲಾಸ್ಟಿಕ್ ತೊಟ್ಟಿ, ಮುಚ್ಚಳ, ಏರ್ ಪಂಪ್, ಥರ್ಮಾಮೀಟರ್, ಅಡಗಿಕೊಳ್ಳಲು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಕೊಳವೆಯ ತುಂಡುಗಳು ಸಾಕು. ಕಲ್ಲು, ಮರಳು ಬೇಡವೇ ಬೇಡ, ಏಕೆಂದರೆ ಅವು ತಾಮ್ರವನ್ನು ಹೀರಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಅದು ಹೊಲಿಗೆ ಯಂತ್ರದ ಕೆಳಗೆ ಇದೆ. ಒಂದು ಸಿದ್ಧತೆಯನ್ನು ಮಾತ್ರ ಮರೆಯಬೇಡಿ: ಮೀನು ಕೊಳ್ಳುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಒಂದು ಸ್ಪಂಜ್ ಫಿಲ್ಟರನ್ನು ನಿಮ್ಮ ದೊಡ್ಡ ಟ್ಯಾಂಕಿನ ಸಂಪಿನಲ್ಲಿ, ಅಂದರೆ ಅದರ ಫಿಲ್ಟರ್ ತೊಟ್ಟಿಯಲ್ಲಿ, ಇಟ್ಟಿರಿ; ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯ ಅದರಲ್ಲಿ ನೆಲೆಸುತ್ತದೆ. ಹಾಗೆ ಮಾಡದಿದ್ದರೆ ರೋಗಕ್ಕಿಂತ ಮುಂಚೆ ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವೇ ಮೀನನ್ನು ಕೊಲ್ಲುತ್ತದೆ.

ತಾಮ್ರದ ವಿಷಯ. ಅದು ಚರ್ಮದೊಳಗಿನ ಇಕ್ ಅನ್ನು ಮುಟ್ಟುವುದಿಲ್ಲ. ಕೋಶದಿಂದ ಹೊರಬಂದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಪ್ರಮಾಣ ಒಂದು ದಿನವೂ ಇಳಿಯಬಾರದು. ಶುದ್ಧ ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಕೀಲೇಟೆಡ್ (ಬೇರೊಂದು ರಾಸಾಯನಿಕಕ್ಕೆ ಬೆಸೆದ ತಾಮ್ರ) ಆದರೆ ಸುಮಾರು 2 ಮಿಲಿಗ್ರಾಂ ಅಥವಾ ಬಾಟಲಿಯ ಮೇಲೆ ಹೇಳಿದಷ್ಟು. ಎರಡು ಮೂರು ದಿನಗಳಲ್ಲಿ ನಿಧಾನವಾಗಿ ಏರಿಸಿ, ಮೂವತ್ತು ದಿನ ಹಿಡಿದಿಡಿ, ಪರೀಕ್ಷಾ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ತಾಮ್ರವಿರುವ ನೀರಿಗೆ ಅಮೋನಿಯಾ ತಗ್ಗಿಸುವ ದ್ರಾವಣ ಹಾಕಬೇಡಿ, ನೀರನ್ನೇ ಬದಲಿಸಿ. ಹೊಸ ನೀರಿಗೂ ಅಷ್ಟೇ ತಾಮ್ರ ಸೇರಿಸಿದ ಮೇಲೆಯೇ ತೊಟ್ಟಿಗೆ ಹಾಕಿ. ಹವಳ, ಸಿಗಡಿ ಇರುವ ಟ್ಯಾಂಕಿಗೆ ತಾಮ್ರ ಹಾಕುವಂತಿಲ್ಲ. ನಾನು ಆಗ ಕಲ್ಲುಗಳನ್ನೆಲ್ಲ ಬಿಚ್ಚಿ, ಎರಡು ಕ್ಲೌನ್ ಮೀನುಗಳನ್ನು ಹಿಡಿದು ಹೊರಗಿಟ್ಟು, ಕೋಶದಿಂದ ಬಂದ ಇಕ್ ಮೀನು ಸಿಗದೆ ಸಾಯಲೆಂದು 76 ದಿನ ಟ್ಯಾಂಕನ್ನು ಮೀನಿಲ್ಲದೆ ಬಿಟ್ಟೆ. ಆರು ವಾರದ ಕ್ವಾರಂಟೈನ್ ಉದ್ದವೆನ್ನುವವರು ಆ ಎಪ್ಪತ್ತಾರು ದಿನಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ವೆಲ್ವೆಟ್ ರೋಗ ಇಕ್‌ಗಿಂತ ವೇಗದ್ದು, ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಇಕ್‌ಗೆ ಕೆಲವರು ಮಾಡುವ ಲವಣಾಂಶ ಇಳಿಸುವ ಉಪಾಯ ಅದಕ್ಕೆ ನಾಟುವುದಿಲ್ಲ, ತಾಮ್ರ ನಾಟುತ್ತದೆ. ಕ್ಲೌನ್ ಮೀನಿಗೆ ಬರುವ ಬ್ರೂಕ್ಲಿನೆಲ್ಲಾ ಎಂಬ ರೋಗಕ್ಕೆ ತಾಮ್ರ ಸಾಲದು, ಅದಕ್ಕೆ ಫಾರ್ಮಲಿನ್ ಬೇಕು. ಫ್ಲೂಕ್ ಎಂಬ ಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧ. ಮೊಟ್ಟೆಗಳು ಸಾಯುವುದಿಲ್ಲವಾದ್ದರಿಂದ ಎರಡನೆಯ ಬಾರಿಯೂ ಕೊಡಬೇಕು. ಬಲೆ, ಸೈಫನ್ ಕೊಳವೆ, ಬಕೆಟ್ ಎಲ್ಲವೂ ತೊಟ್ಟಿಗೇ ಮೀಸಲು; ಒದ್ದೆ ಕೈಯನ್ನೂ ದೊಡ್ಡ ಟ್ಯಾಂಕಿಗೆ ಹಾಕಬೇಡಿ.

ಹಿಂದಿನ ಮೇಜಿನ ಮೇಲೆ ಒಂದು ಖಾಲಿ ತೊಟ್ಟಿಯನ್ನೂ ತಾಮ್ರದ ಪರೀಕ್ಷಾ ಕಿಟ್ಟನ್ನೂ ಇಟ್ಟಿದ್ದೇನೆ. ಚಹಾ ಆದ ಮೇಲೆ ಒಬ್ಬೊಬ್ಬರಾಗಿ ಬನ್ನಿ, ಬಣ್ಣ ಓದುವುದನ್ನು ನಿಮ್ಮ ಕೈಯಲ್ಲೇ ಮಾಡಿಸುತ್ತೇನೆ. ಮೀನುಗಳನ್ನು ತಂದಿಲ್ಲ. ಮನೆಯ ತೊಟ್ಟಿಯಲ್ಲಿರುವ ಎರಡಕ್ಕೆ ಇಂದು ಹತ್ತೊಂಬತ್ತನೆಯ ದಿನ.