ಎಕ್ಸ್‌ಪ್ರೆಸ್ ರೈಲು ಎಂಬ ತಿಂಡಿ

ಕೇಳುಗರೇ, ನಮಸ್ಕಾರ.

ಥಾಯ್ ಭಾಷೆಯಲ್ಲಿ ‘ರೊತ್ ದುವನ್’ ಅಂದರೆ ಎಕ್ಸ್‌ಪ್ರೆಸ್ ರೈಲು. ಅದೇ ಹೆಸರಿನ ಒಂದು ತಿಂಡಿಯೂ ಅಲ್ಲಿದೆ. ಚಿಯಾಂಗ್ ಮಾಯ್ ಊರಿನ ರಾತ್ರಿ ಸಂತೆಯಲ್ಲಿ ಒಂದು ತಳ್ಳುಗಾಡಿಯ ಮುಂದೆ ನಿಂತಿದ್ದಾಗ ನಾನು ಆ ಹೆಸರು ಮೊದಲ ಸಲ ಕೇಳಿದೆ. ತಟ್ಟೆಯಲ್ಲಿ ರಾಶಿ ಹಾಕಿದ್ದದ್ದು ಬಿದಿರಿನ ಹುಳು. ಎಣ್ಣೆಯಲ್ಲಿ ಕರಿದದ್ದು. ಕಿರುಬೆರಳಿನ ಅರ್ಧದಷ್ಟು ಉದ್ದ, ಕೆನೆ ಬಣ್ಣ, ಮೈ ತುಂಬ ಅಡ್ಡ ಗೆರೆಗಳು. ಬೋಗಿಗೆ ಬೋಗಿ ಸೇರಿಸಿದ ಹಾಗೆ ಕಾಣುತ್ತದೆ. ಆ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ನನಗೆ ಖುಷಿಯಾಯಿತು.

ಆ ಗಾಡಿಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ನಾನೂ ನನ್ನ ತಂಗಿಯೂ ಥಾಯ್ಲೆಂಡಿನ ರೈಲುಗಳಲ್ಲಿ ನಾಲ್ಕು ದಿನ ಓಡಾಡಿದ್ದೆವು. ಇವತ್ತು ಆ ಓಡಾಟದ ಮಾತು. ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ದೇಶದ ಬೀದಿ ತಿಂಡಿ ತಿನ್ನಬೇಕು ಅನ್ನುವ ಆಸೆ ಇದ್ದರೆ ನಿಧಾನದ ರೈಲು ಹಿಡಿಯಿರಿ. ಪ್ರವಾಸಿಗರಿಗೆಂದೇ ಇಟ್ಟ ಅಂಗಡಿಯಲ್ಲಿ ಹುಳು ತಿಂದು, ಫೋಟೊ ತೆಗೆಸಿಕೊಂಡು ಬರುವುದು ಬೇರೆ. ಅದನ್ನು ಚಿಕ್ಕಂದಿನಿಂದ ತಿಂದು ಬೆಳೆದವರ ಎದುರು ಸೀಟಿನಲ್ಲಿ ಕೂತು ತಿನ್ನುವುದೇ ಬೇರೆ.

ಬ್ಯಾಂಕಾಕಿನಲ್ಲಿ ವೊಂಗ್ವಿಯನ್ ಯಾಯ್ ಅಂತ ಒಂದು ಪುಟ್ಟ ನಿಲ್ದಾಣ ಇದೆ. ಅಲ್ಲಿಂದ ಹೊರಡುವ ಹಳಿಗೂ ದೇಶದ ಉಳಿದ ಹಳಿಗಳಿಗೂ ಸಂಬಂಧವೇ ಇಲ್ಲ. ಮಹಾಚೈ ಎಂಬ ಮೀನುಗಾರರ ಊರಿನವರೆಗೆ 31 ಕಿಲೋಮೀಟರ್, ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿ ತಾ ಚಿನ್ ನದಿ ಅಡ್ಡ ಬರುತ್ತದೆ. ರೈಲಿಗೆ ಸೇತುವೆ ಇಲ್ಲ. ಇಳಿದು, ಮೀನಿನ ಮಾರುಕಟ್ಟೆ ದಾಟಿ, ದೋಣಿ ಹತ್ತಬೇಕು. ಆಚೆ ದಡದ ಬಾನ್ ಲೇಮ್ ನಿಲ್ದಾಣದಿಂದ ಇನ್ನೊಂದು ರೈಲು. ಅದು ಮೇಕ್ಲೊಂಗಿಗೆ ಹೋಗುತ್ತದೆ, 33 ಕಿಲೋಮೀಟರ್ ಚಿಲ್ಲರೆ. ಕಡಲ ಮೀನು ಬೇಗ ಬ್ಯಾಂಕಾಕ್ ಸೇರಲಿ ಅಂತ 1900ರ ದಶಕದಲ್ಲಿ ಖಾಸಗಿ ಕಂಪನಿಗಳು ಹಾಕಿಸಿದ ದಾರಿ ಇದು.

ಆಚೆ ದಡದಲ್ಲಿ ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು. ನಾವು ದೋಣಿ ಇಳಿದು ಓಡೋಡಿ ಹೋದರೂ ರೈಲು ಆಗಲೇ ಹೊರಟಿತ್ತು. ಮುಂದಿನದಕ್ಕೆ ಎರಡು ಗಂಟೆಗಿಂತ ಜಾಸ್ತಿ ಕಾಯಬೇಕು. ತಂಗಿಗೆ ಅಳು ಬರುವುದೊಂದು ಬಾಕಿ. ಮತ್ತೆ ದೋಣಿ ಹತ್ತಿ ಮಹಾಚೈ ಪೇಟೆಗೇ ವಾಪಸ್ ಬಂದೆವು. ಆ ಎರಡು ಗಂಟೆ ಸಿಗದೇ ಹೋಗಿದ್ದರೆ ನಾನು ಒಣ ಸ್ಕ್ವಿಡ್ ತಿನ್ನುತ್ತಲೇ ಇರಲಿಲ್ಲ.

ಸ್ಕ್ವಿಡ್ ಅಂದರೆ ಕಡಲಿನಲ್ಲಿ ಸಿಗುವ, ಮೂಳೆ ಇಲ್ಲದ, ಹತ್ತು ಕೈಗಳ ಜೀವಿ. ಅದನ್ನು ಚಪ್ಪಟೆಯಾಗಿ ಒಣಗಿಸಿ, ಕ್ಲಿಪ್ ಹಾಕಿ, ಗಾಡಿಯ ಮೇಲಿನ ತಂತಿಗೆ ಸಾಲಾಗಿ ನೇತು ಹಾಕಿರುತ್ತಾರೆ. ಗಾಳಿಗೆ ಒಣಹಾಕಿದ ಬಟ್ಟೆಯ ಹಾಗೆ ಅಲ್ಲಾಡುತ್ತಿರುತ್ತದೆ. ನೀವು ಒಂದನ್ನು ತೋರಿಸಿದರೆ ಇದ್ದಿಲ ಕೆಂಡದ ಮೇಲೆ ಎರಡೂ ಬದಿ ಸುಡುತ್ತಾರೆ. ಅದರ ವಾಸನೆ ಜೋರು, ಬಟ್ಟೆಗೆಲ್ಲ ಹತ್ತುತ್ತದೆ. ಗಾಡಿಗೆ ಒಂದು ಕೈ ಯಂತ್ರ ಬಿಗಿದಿರುತ್ತದೆ. ಎರಡು ಕಬ್ಬಿಣದ ಉರುಳೆ, ಒಂದು ಹಿಡಿ. ಸುಟ್ಟದ್ದನ್ನು ಅದರೊಳಗೆ ತೂರಿಸಿ ತಿರುಗಿಸುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಚರ್ಮದಂತೆ ಗಟ್ಟಿಯಾಗಿದ್ದದ್ದು ಎಳೆ ಎಳೆಯಾಗಿ, ಬಲೆಯ ಹಾಗೆ ಅಗಲವಾಗಿ ಹೊರಬರುತ್ತದೆ. ಜೊತೆಗೆ ಸಿಹಿ, ಹುಳಿ, ಖಾರ ಸೇರಿದ ಸಾರಿನಂಥ ಒಂದು ರಸ. ಅಗಿದಷ್ಟೂ ರುಚಿ ಬಿಡುತ್ತದೆ. ಒಂದು ಪೊಟ್ಟಣ ಮುಗಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಕಾಯುವವರಿಗೆ ಅಂತಲೇ ಮಾಡಿದ ತಿಂಡಿ ಅದು.

ತಂಗಿ ಮಾಂಸ, ಮೀನು ಮುಟ್ಟುವವಳಲ್ಲ. ಹಾಗಂತ ಉಪವಾಸ ಇರಲಿಲ್ಲ. ಥಾಯ್ಲೆಂಡಿನಲ್ಲಿ ತರಕಾರಿ ಸಾರಿಗೂ ಮೀನಿನ ಸಾಸ್ ಬೀಳುತ್ತದೆ, ಆದ್ದರಿಂದ ‘ತರಕಾರಿ ಮಾತ್ರ’ ಅಂದರೆ ಸಾಲದು. ‘ಜೇ’ ಅನ್ನಬೇಕು. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ. ಅಂಥ ಅಂಗಡಿಯ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ದೂರದಿಂದಲೇ ಗೊತ್ತಾಗುತ್ತದೆ. ಅವಳಿಗೆ ಅತಿ ಇಷ್ಟವಾದದ್ದು ‘ಖಾವ್ ಲಾಮ್’. ಅಂಟು ಅಕ್ಕಿ, ತೆಂಗಿನ ಹಾಲು, ಕಪ್ಪು ಕಾಳು, ಸಕ್ಕರೆ ಎಲ್ಲವನ್ನೂ ಬಿದಿರಿನ ಕೊಳವೆಗೆ ತುಂಬಿ ಕೆಂಡದಲ್ಲಿ ಬೇಯಿಸುತ್ತಾರೆ. ಬಿದಿರನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸೀಳಿ ತೆಗೆದರೆ, ಅನ್ನದ ಸುತ್ತ ಬಿದಿರಿನ ಒಳಪೊರೆ ಕಾಗದದಷ್ಟು ತೆಳ್ಳಗೆ ಅಂಟಿಕೊಂಡಿರುತ್ತದೆ. ರೈಲಿನಲ್ಲಿ ಕೈ ಕೊಳೆಯಾಗದೆ ತಿನ್ನಬಹುದು.

ಮೇಕ್ಲೊಂಗ್ ಮಾರುಕಟ್ಟೆಯ ಚಿತ್ರ ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಹಳಿಯ ಮೇಲೇ ಸಂತೆ. ಜನ ಅದನ್ನು ‘ತಲಾತ್ ರೊಮ್ ಹುಪ್’ ಅಂತಾರೆ, ಕೊಡೆ ಮಡಚುವ ಮಾರುಕಟ್ಟೆ. ರೈಲು ಬಂತು ಅಂತ ಗೊತ್ತಾದರೆ ಚಪ್ಪರಗಳನ್ನು ಸರಸರ ಹಿಂದಕ್ಕೆ ಎಳೆಯುತ್ತಾರೆ. ಕಿಟಕಿಯಲ್ಲಿ ಕೂತ ನನಗೆ ಕಂಡ ಒಂದು ಸಂಗತಿ ಮಾತ್ರ ಯಾವ ಚಿತ್ರದಲ್ಲೂ ಕಂಡಿರಲಿಲ್ಲ. ಹಳಿಯ ಪಕ್ಕದ ಸೊಪ್ಪಿನ ಬುಟ್ಟಿಗಳನ್ನು ಯಾರೂ ಎತ್ತಲೇ ಇಲ್ಲ. ಬುಟ್ಟಿ ಎಷ್ಟು ತಗ್ಗಿದೆ, ಬೋಗಿಯ ತಳ ಎಷ್ಟು ಎತ್ತರ ಇದೆ ಅನ್ನುವ ಲೆಕ್ಕ ಅವರಿಗೆ ಬಾಯಿಪಾಠ. ರೈಲು ಬುಟ್ಟಿಗಳ ಮೇಲೇ ಹಾದು ಹೋಗುತ್ತದೆ. ಒಂದು ಎಲೆಯೂ ಮುರಿಯುವುದಿಲ್ಲ.

ಅಲ್ಲಿಯ ಹೆಸರುವಾಸಿ ಮೀನು ‘ಪ್ಲಾ ಥೂ’. ಬಂಗುಡೆಯ ಜಾತಿಯದು. ಚಿಕ್ಕ ಬಿದಿರು ಬುಟ್ಟಿಯಲ್ಲಿ ಎರಡು ಮೂರು ಮೀನು ಇಟ್ಟು ಬೇಯಿಸುತ್ತಾರೆ. ಬುಟ್ಟಿಗೆ ಹಿಡಿಯಲಿ ಅಂತ ಕತ್ತನ್ನು ಕೆಳಕ್ಕೆ ಬಗ್ಗಿಸಿರುತ್ತಾರೆ. ಮೇಕ್ಲೊಂಗಿನ ಮೀನಿಗೆ ‘ಬಾಗಿದ ಮುಖ, ಮುರಿದ ಕತ್ತು’ ಅನ್ನುವ ಮಾತೇ ಅಲ್ಲಿ ಹುಟ್ಟಿಕೊಂಡಿದೆ. ನಾಚಿ ತಲೆ ತಗ್ಗಿಸಿದ ಹಾಗಿತ್ತು ಅದು. ಬಿಸಿ ಅನ್ನ, ಸೀಗಡಿ ಚಟ್ನಿ, ಪ್ಲಾ ಥೂ. ಆ ಊಟವನ್ನು ನಾನು ಮರೆಯುವುದಿಲ್ಲ.

ಬ್ಯಾಂಕಾಕಿನಿಂದ ಚಿಯಾಂಗ್ ಮಾಯ್‌ಗೆ 751 ಕಿಲೋಮೀಟರ್. ರಾತ್ರಿ ರೈಲು ಹಿಡಿದೆವು. 2023ರ ಜನವರಿಯಿಂದ ದೂರದ ರೈಲುಗಳು ಹಳೆಯ ಹುವಾ ಲಂಫೋಂಗ್ ನಿಲ್ದಾಣದ ಬದಲು ಕ್ರುಂಗ್ ಥೇಪ್ ಅಭಿವತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹೋಗುವವರು ಇದನ್ನು ನೆನಪಿಡಿ, ಎರಡರ ನಡುವೆ ದೂರ ಇದೆ. ಕೆಳಗಿನ ಬರ್ತ್ ಅಗಲ, ದರ ಸ್ವಲ್ಪ ಜಾಸ್ತಿ. ರಾತ್ರಿ ಸಿಬ್ಬಂದಿ ಬಂದು ಎದುರು ಬದುರು ಸೀಟುಗಳನ್ನು ಎಳೆದು ಜೋಡಿಸಿ, ಒಗೆದ ಹಾಸು ಹಾಸಿ, ಪರದೆ ಬಿಟ್ಟು ಹೋದರು. ಐದು ನಿಮಿಷದ ಕೆಲಸ. ಮೀಟರ್ ಗೇಜ್ ಹಳಿ, ತೊಟ್ಟಿಲ ಹಾಗೆ ತೂಗುತ್ತದೆ.

ಬೆಳಗಿನ ಜಾವ ಗುಡ್ಡ ಶುರು. ಖುನ್ ತಾನ್ ಸುರಂಗದ ಉದ್ದ 1,352 ಮೀಟರ್. 1907ರಲ್ಲಿ ಕೆಲಸ ಶುರುವಾಗಿ 1918ರಲ್ಲಿ ಮುಗಿಯಿತು. ಅದನ್ನು ಕೊರೆಸುತ್ತಿದ್ದವರು ಜರ್ಮನಿಯ ಎಂಜಿನಿಯರ್ ಎಮಿಲ್ ಐಸನ್‌ಹೋಫರ್. 1917ರಲ್ಲಿ ಸಿಯಾಮ್ ದೇಶ, ಅಂದರೆ ಈಗಿನ ಥಾಯ್ಲೆಂಡ್, ಜರ್ಮನಿಯ ಮೇಲೆ ಯುದ್ಧ ಸಾರಿತು, ಜರ್ಮನರನ್ನು ಬಂಧಿಸಿದರು, ಅವರ ಕೆಲಸವೂ ನಿಂತಿತು. ಉಳಿದದ್ದನ್ನು ಸಿಯಾಮಿನವರೇ ಮುಗಿಸಿದರು. ಸುರಂಗದ ಬಾಯಿಯ ಹತ್ತಿರ ಆ ಎಂಜಿನಿಯರರ ಸ್ಮಾರಕ ಇದೆ.

ಈಗ ಮತ್ತೆ ಆ ತಳ್ಳುಗಾಡಿಗೆ ಬರೋಣ. ಬಿದಿರಿನ ಹುಳು ಒಂದು ಪತಂಗದ ಮರಿ. ಬಿದಿರಿನ ಟೊಳ್ಳಿನೊಳಗೆ ಗುಂಪಾಗಿ ತಿಂಗಳುಗಟ್ಟಲೆ ಬದುಕುತ್ತದೆ, ಬಿದಿರನ್ನೇ ತಿನ್ನುತ್ತದೆ. ಮಣ್ಣು, ಕೊಳೆ ಯಾವುದೂ ಸೋಕುವುದಿಲ್ಲ. ಗಾಡಿಯವರು ಒಂದು ಹಿಡಿ ಕಾಗದದ ಚೀಲಕ್ಕೆ ಹಾಕಿ, ಬಾಟಲಿಯಿಂದ ಸಾಸ್ ಚಿಮುಕಿಸಿ, ಬಿಳಿ ಮೆಣಸಿನ ಪುಡಿ ಉದುರಿಸಿದರು. ಎದೆ ಡವಡವ ಅನ್ನುತ್ತಿತ್ತು. “ಅಕ್ಕಾ, ಕಣ್ಣು ಮುಚ್ಚಿಕೊಂಡು ತಿಂದುಬಿಡು” ಅಂದಳು ತಂಗಿ. ನಾನು ಕಣ್ಣು ತೆರೆದೇ ತಿಂದೆ. ಗರಿಗರಿ. ಒಳಗೆ ಏನೂ ಇಲ್ಲ ಅನ್ನುವಷ್ಟು ಹಗುರ. ಬೆಣ್ಣೆ ಹಾಕಿ ಹುರಿದ ಜೋಳದ ರುಚಿ. ಎರಡನೆಯದಕ್ಕೆ ಕೈ ತಾನಾಗಿಯೇ ಹೋಯಿತು.

ಪಕ್ಕದ ತಟ್ಟೆಯಲ್ಲಿ ಮಿಡತೆ. ಅದರ ಕಥೆ ದೊಡ್ಡದು. 1970ರ ದಶಕದಲ್ಲಿ ಥಾಯ್ಲೆಂಡಿನ ಜೋಳದ ಹೊಲಗಳಿಗೆ ‘ಪಾತಂಗಾ’ ಎಂಬ ಮಿಡತೆ ಲಗ್ಗೆ ಇಟ್ಟಿತು. ವಿಮಾನದಿಂದ ಔಷಧಿ ಸುರಿದರೂ ಹತೋಟಿಗೆ ಬರಲಿಲ್ಲ. ಕೊನೆಗೆ ಸರ್ಕಾರವೇ ಜನರಿಗೆ ಹಿಡಿದು ತಿನ್ನಿ ಅಂತ ಹೇಳಿತು. ಜನ ತಿಂದರು. ಬೆಳೆಯ ಶತ್ರುವಾಗಿದ್ದದ್ದಕ್ಕೆ ಬೇಡಿಕೆ ಬಂತು. ಮಿಡತೆಯ ಹತ್ತಿರದ ಬಳಗದ ಕ್ರಿಕೆಟ್ ಹುಳುವನ್ನಂತೂ ಈಗ ಸಾವಿರಾರು ರೈತರು ಸಿಮೆಂಟಿನ ತೊಟ್ಟಿಗಳಲ್ಲಿ ಸಾಕುತ್ತಾರೆ. ಸೀಗಡಿ, ಏಡಿ ತಿಂದರೆ ಮೈ ಕಡಿಯುವವರು ಮಾತ್ರ ಇವನ್ನು ಮುಟ್ಟಬೇಡಿ. ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇದೆ, ಅಲರ್ಜಿ ಆಗಬಹುದು.

ಮಿಡತೆಯನ್ನು ನಾನು ಇಡೀ ಬಾಯಿಗೆ ಹಾಕಿಕೊಂಡೆ. ಅದರ ಹಿಂಗಾಲಿನಲ್ಲಿ ಗರಗಸದಂಥ ಮುಳ್ಳು ಇರುತ್ತದೆ. ಗಂಟಲಿಗೆ ಚುಚ್ಚಿತು. ನೀರು ಕುಡಿದು, ಅನ್ನ ನುಂಗಿ, ಅರ್ಧ ರಾತ್ರಿ ಕೆಮ್ಮಿದೆ. ಇನ್ನು ಮಿಡತೆ ಬೇಡ ಅಂದುಕೊಂಡೆ.

ವಾಪಸ್ ಬರುವಾಗ ಹಗಲು ರೈಲು, ಮೂರನೇ ದರ್ಜೆ. ತಲೆಯ ಮೇಲೆ ಫ್ಯಾನು, ಕಿಟಕಿ ಪೂರ್ತಿ ತೆರೆದಿತ್ತು. ಲಂಪಾಂಗ್ ಹತ್ತಿರ ಸುಟ್ಟ ಕೋಳಿ, ಅಂಟು ಅನ್ನ ಮಾರುವವರು ಬೋಗಿಯ ತುಂಬ ಓಡಾಡಿದರು. ಎದುರಿಗೆ ಒಬ್ಬ ಅಜ್ಜಿ, ಮೊಮ್ಮಗನ ಜೊತೆ. ಅವರ ಮಡಿಲಲ್ಲಿ ಒಂದು ಪೊಟ್ಟಣ, ಅದರ ತುಂಬ ಮಿಡತೆ. ನನ್ನ ಕಡೆ ಚಾಚಿದರು. ನಾನು ಗಂಟಲು ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಒಂದನ್ನು ಎತ್ತಿ, ಎರಡೂ ಹಿಂಗಾಲನ್ನು ಸೇರಿಸಿ ಹಿಡಿದು, ಮೆಲ್ಲಗೆ ಹಿಂದಕ್ಕೆ ಎಳೆದರು. ಕಾಲು ಕಳಚಿತು. ಆಮೇಲೆ ರೆಕ್ಕೆ. ಚೊಕ್ಕ ಮಾಡಿದ ಮಿಡತೆಯನ್ನು ನನ್ನ ಅಂಗೈಯಲ್ಲಿ ಇಟ್ಟರು. ನಾನು ತಿಂದೆ. “ಅರೊಯ್?” ಅಂತ ಕೇಳಿದರು, ರುಚಿಯಾಗಿದೆಯಾ ಅಂತ. “ಅರೊಯ್” ಅಂದೆ. ಮೊಮ್ಮಗ ಆಗಲೇ ಮುಂದಿನದರ ಕಾಲು ಕೀಳುತ್ತಿದ್ದ, ನನಗಾಗಿ. ತಂಗಿ ಚೀಲದಿಂದ ಖಾವ್ ಲಾಮ್ ತೆಗೆದು ಅವನ ಕಡೆ ಚಾಚಿದಳು.